ಕಾಕಾನ ಮುಖದ ಊಟ

ನಮ್ಮ ಮನೆತನದಲ್ಲಿ ಎಲ್ಲರಿಗಿಂತ ಚೆನ್ನಾಗಿ ಉಂಡು ತಿಂದು ಬಾಳಿದ್ದು ಯಾರು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ: ನಮ್ಮ ಕಾಕಾನ ಮುಖ! ಕಾಕಾನ ಬಾಯಿಗೆ ಎರಡು ಹೊತ್ತು ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಪುಣ್ಯವಿದ್ದರೆ ಒಂದು ಬದನೆಕಾಯಿ. ಅದೇ ಬಾಯಿಯ ಸುತ್ತಲಿದ್ದ ಮುಖಕ್ಕೆ ಎಮ್ಮೆಯ ಕೆನೆ, ಗಟ್ಟಿ ಮೊಸರು, ಕಡಲೆ ಹಿಟ್ಟು, ಜೇನುತುಪ್ಪ, ಎಳೆ ಸವತೆಕಾಯಿ. ಸಕ್ಕರೆ ರೇಶನ್ನಿನಲ್ಲಿ ಸಿಗುತ್ತಿದ್ದ ಕಾಲ ಅದು. ಆ ಸಕ್ಕರೆಯೂ ನಮ್ಮ ಚಹಾಕ್ಕೆ ಬರುವ ಮೊದಲು ಆ ಮುಖಕ್ಕೆ ಹೋಗುತ್ತಿತ್ತು!

ಕಟ್ಟುಕತೆ ಎನ್ನುತ್ತೀರಾ? ಆಗ ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಕಂಡದ್ದಕ್ಕೆ ಉಪ್ಪುಕಾರ ಹಚ್ಚಬಾರದು ಎಂಬುದು ಅಲ್ಲಿಯ ಮೊದಲ ಪಾಠ. ರಜೆಯ ದಿನ ಸಂಶಿಗೆ, ಕಾಕಾನ ಮನೆಗೆ, ಹೋದಾಗ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ. ಒಮ್ಮೆ ಹಸಿದು ಹೋಗಿ ಊಟಕ್ಕೆ ಕೂತು ಕಾಕಾನ ಹೆಂಡತಿ ಕಾಕುವನ್ನು ಕೇಳಿದೆ:

“ಕಾಕು, ಜುಣಕ ಮಾಡಿಲ್ಲೇನು?”

“ಕಡ್ಲಿಹಿಟ್ಟು ಎಲ್ಲಿ ಐತೋ ತಮ್ಮಾ? ಎಲ್ಲಾ ನಿಮ್ಮ ಕಾಕಾನ ಮುಖದ ಮ್ಯಾಲ ಐತಿ. ರೊಟ್ಟಿ ತಗೊಂಡು ಕಟ್ಟಿ ಕಡೆ ಹೋಗು, ಬೇಕಾದಷ್ಟು ಹಚ್ಚಿಕೊಂಡು ತಿನ್ನು!”

ಹೊರಗೆ ಕಟ್ಟೆಯ ಮೇಲೆ ಕಾಕಾ ಹಳದಿ ಮುಖ ಹೊತ್ತು, ಕಣ್ಣು ಮುಚ್ಚಿ, ಬಿಸಿಲಿಗೆ ಒಡ್ಡಿಕೊಂಡು ಕೂತಿದ್ದ. ಅಂಗಳದಲ್ಲಿ ಒಣಹಾಕಿದ್ದ ಹಪ್ಪಳಕ್ಕೂ ಅವನಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಅವನ ಒಬ್ಬಳೇ ಮಗಳು ಕಸ್ತೂರಿಯ ಮದುವೆ. ಕಸ್ತೂರಿ ಕಪ್ಪು. ಕಾಕು ಬೆಳ್ಳಗಿದ್ದಳು, ಕಾಕಾ ಮಾತ್ರ ತನ್ನ ಕಪ್ಪು ಎರೆ ಹೊಲದಲ್ಲಿ ಅಡ್ಡಾಗಿ ಮಲಗಿದರೆ ಎತ್ತುಗಳು ತುಳಿದುಕೊಂಡು ಹೋಗುವಷ್ಟು ನೆಲದ ಬಣ್ಣದವನು. ಮಗಳು ಕಾಕುವನ್ನು ಬಿಟ್ಟು ಕಾಕಾನನ್ನು ಹೋಲುತ್ತಿದ್ದಳು. ನೋಡಲು ಬಂದ ಅಣ್ಣಿಗೇರಿಯ ಕಡೆಯವರು ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು, ಕೈ ತೊಳೆದುಕೊಂಡು, “ಹುಡುಗಿ ಅಗದಿ ಛಲೋ ಅದಾಳ್ರಿ. ಬಣ್ಣ ಒಂದೀಟು ಕಮ್ಮಿ ಆತು” ಎಂದು ಎದ್ದು ಹೋದರು. ಹಾಗೆಂದವರ ಬಣ್ಣವೇನು ಎಂದು ನೀವು ಕೇಳಬೇಕು. ನಮ್ಮ ರೊಟ್ಟಿ ಹಂಚನ್ನು ಅವರ ಸಾಲಿನಲ್ಲಿ ಕೂಡಿಸಿದ್ದರೆ ಮನೆಯ ಹಿರಿಯರೆಂದು ಅದಕ್ಕೇ ಮೊದಲು ಕೈ ಮುಗಿಯುತ್ತಿದ್ದಿರಿ!

ಅವರು ಹೋದ ಮೇಲೆ ಕಾಕಾ ತೀರ್ಪು ಕೊಟ್ಟ: “ಹುಡುಗಿ ಬಣ್ಣ ನಂದು. ತಪ್ಪು ನಂದು. ರಿಪೇರಿನೂ ನಂದ.”

ಪೇಟೆಯಲ್ಲಿ ಆಗ ಸ್ನೋ, ಪೌಡರ್ ಡಬ್ಬಿಗಳು ಸಿಗುತ್ತಿದ್ದವು. ಕಾಕಾ ಅವನ್ನು ಮುಟ್ಟಲಿಲ್ಲ. “ಬಾಯಾಗ ಹಾಕ್ಕೊಳ್ಳಾಕ ಬರಲಾರದ್ದು ಮುಖಕ್ಕ ಯಾಕ ಹಚ್ಚಬೇಕು?” ಎಂಬುದು ಅವನ ಸಿದ್ಧಾಂತ. ಸಿದ್ಧಾಂತ ಒಳ್ಳೆಯದೇ. ಆದರೆ ಅದರ ಪ್ರಕಾರ ಬಾಯಲ್ಲಿ ಹಾಕಿಕೊಳ್ಳಲು ಬರುವುದೆಲ್ಲ ಮುಖಕ್ಕೆ ಹೋಗಿ, ಬಾಯಲ್ಲಿ ಹಾಕಿಕೊಳ್ಳಲು ನಮಗೆ ಏನೂ ಉಳಿಯುತ್ತಿರಲಿಲ್ಲ.

“ಮದ್ದು ಕಸ್ತೂರಿಗೆ ತಾನೇ? ನೀ ಯಾಕ ಬಳಕೊಳ್ಳಾಕತ್ತಿ?” ಎಂದು ನಾನು ಕೇಳಿದೆ.

“ಲೇ ಶಾಣ್ಯಾ, ಬೀಜ ಹೊಲಕ್ಕ ಹಾಕೂಮುಂದ ಏನ್ ಮಾಡ್ತೀವಿ? ನಾಕು ಕಾಳು ಹಸಿ ಅರಿವ್ಯಾಗ ಕಟ್ಟಿ, ಮೊಳಕಿ ಬರ್ತೈತೋ ಇಲ್ಲೋ ನೋಡ್ತೀವಿ. ಆಕಿ ಚರ್ಮ, ನನ್ನ ಚರ್ಮ ಒಂದ ಹೊಲ. ಮೊದಲ ನನ್ನ ಮ್ಯಾಲ ಮೊಳಕಿ ಬರ್ಲಿ.”

ಕಸ್ತೂರಿ ಬಾಯಿಯಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. “ಆತಪಾ, ನೀ ಬೆಳ್ಳಗ ಆದ ದಿನ ನಾ ಹಚ್ಚಿಕೋತೀನಿ” ಎಂದಳು. ತಪ್ಪಿಸಿಕೊಳ್ಳಲು ಆಡಿದ ಮಾತು. ಕಾಕಾ ಅದನ್ನು ಕರಾರು ಎಂದು ತಿಳಿದ. ಅಂದಿನಿಂದ ಪಡಸಾಲೆಯ ಕಂಬಕ್ಕೆ ಅಂಗೈಯಷ್ಟು ಕನ್ನಡಿ ಬಂತು. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, ಹದಿನಾರಾಣೆಯ ಪೂರ್ತಿ ಬೆಳೆಗೆ ಇಷ್ಟಾಣೆ ಬಂದಿದೆ ಎಂದು ಪೀಕಿನ ಆಣೆವಾರಿ ಹೇಳುವ ತಲಾಠಿಯ ಗತ್ತಿನಲ್ಲಿ, ತನ್ನ ಬಿಳುಪಿನ ವರದಿ ಒಪ್ಪಿಸುತ್ತಿದ್ದ: “ಇವತ್ತು ಎರಡಾಣೆ ಐತಿ.” ಮರುದಿನ, “ಎರಡೂವರಿ.” ನಮ್ಮ ಕಣ್ಣಿಗೆ ಮಾತ್ರ ಅದು ಪೂರ್ತಿ ಬರಗಾಲದ ಹೊಲ!

ಹೆಸರು ಹಿಟ್ಟು ಮತ್ತು ಮಜ್ಜಿಗೆಯ ಲೇಪ ಅವನ ದೊಡ್ಡ ಶೋಧ. ಅದನ್ನು ತೊಳೆಯಬಾರದಂತೆ, ಒಣಗಿ ತಾನಾಗಿ ಉದುರಬೇಕಂತೆ. ಅದನ್ನು ಬಳಿದುಕೊಂಡೇ ಒಂದು ದಿನ ಕುಂದಗೋಳದ ಬಸ್ಸು ಹತ್ತಿದ. ನಾನು ಎರಡು ಸೀಟು ಹಿಂದೆ ಕೂತೆ. ಸಂಬಂಧ ಹೇಳಿಕೊಳ್ಳುವಂಥ ಮುಖವಾಗಿರಲಿಲ್ಲ ಅದು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಬಾಯಿ ತೆರೆದರೆ ಲೇಪ ಬಿರಿಯುತ್ತದೆಂದು ಕಾಕಾ ಕೈ ಎತ್ತಿ ಮುಂದಕ್ಕೆ ತೋರಿಸಿದ.

“ಅಜ್ಜಾರದು ಮೌನ ಐತಿ ಕಾಣಸ್ತೈತಿ. ಸರೀರಿ, ಸರೀರಿ, ಜಾಗಾ ಬಿಡ್ರಿ” ಎಂದ ಕಂಡಕ್ಟರ್, ಯಾವುದೋ ಮಠದ ಸ್ವಾಮಿ ಎಂದು ತಿಳಿದು.

ಬಾಜೂ ಸೀಟಿನ ಮುದುಕಿ ಕೂಡಲೇ ಕಾಕಾನ ಕಾಲಿಗೆ ಹಣೆ ಹಚ್ಚಿದಳು. “ಯಪ್ಪಾ, ನನ್ನ ಸೊಸಿ ಹೊಟ್ಟಿ ತುಂಬಲಿ ಅನ್ರಿ.” ಕಾಕಾನಿಗೆ ನಗು ತಡೆಯಲಾಗಲಿಲ್ಲ. ಬಲಗಡೆಯ ಗಲ್ಲ ಇಡಿಯಾಗಿ ಕಳಚಿ ಮುದುಕಿಯ ತಲೆಯ ಮೇಲೆ ಬಿತ್ತು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಪ್ರಸಾದ!

“ಬಣ್ಣ ಬಂದಿಲ್ಲ, ಖರೆ” ಎಂದ ಕಾಕಾ ಕುಂದಗೋಳದಲ್ಲಿ ಇಳಿದ ಮೇಲೆ. “ಆದ್ರ ಕಳೆ ಬಂದೈತಿ. ಇಲ್ಲಾಂದ್ರ ಮಂದಿ ಕಾಲಿಗೆ ಬೀಳ್ತಿದ್ರೇನು?”

ಇಂಥವನಿಗೆ ಯಾರು ಬುದ್ಧಿ ಹೇಳಬೇಕು? ಕೆನೆ ಬಳಿದುಕೊಂಡು ಕಟ್ಟೆಯ ಮೇಲೆ ನಿದ್ದೆ ಹೋದಾಗ ಎಮ್ಮೆಯ ಕರು ಬಂದು ಒಂದು ಗಲ್ಲವನ್ನು ಮನಸಾರೆ ನೆಕ್ಕಿತು. ಕಾಕಾ ಎದ್ದು ಕನ್ನಡಿ ನೋಡಿ ಕೇರಿಗೆಲ್ಲ ಕೇಳುವಂತೆ ಕೂಗಿದ: “ನೋಡ ಬರ್ರೇ, ಈ ಗಲ್ಲ ಬೆಳಗೈತಿ!” ಕಾಕು ಬಂದು ನೋಡಿ, “ಬೆಳಗಿಲ್ರೀ, ಸುಲದೈತಿ” ಎಂದು ಕೊಬ್ಬರಿ ಎಣ್ಣೆ ತರಲು ಒಳಗೆ ಹೋದಳು.

ಇಲ್ಲಿಯವರೆಗೆ ನಗಬಹುದಿತ್ತು. ನಗು ನಿಂತದ್ದು ನವಲಗುಂದದ ಕಡೆಯವರು ನೋಡಲು ಬರುವ ಹಿಂದಿನ ದಿನ. ಮನೆತನ ಒಳ್ಳೆಯದು, ಹುಡುಗ ಮಾಸ್ತರ. ಕಾಕು ಅತ್ತು ಕರೆದು ಮಗಳನ್ನು ಒಪ್ಪಿಸಿದ್ದಳು. ಕಸ್ತೂರಿ ಕೂದಲು ಹಿಂದಕ್ಕೆ ಕಟ್ಟಿ, ಮಣೆಯ ಮೇಲೆ ಕೂತು, “ತಾ, ಹಚ್ಚು. ಇದೊಂದ ಸಲ” ಎಂದಳು. ಕಾಕಾ ಸಂಭ್ರಮದಿಂದ ಅರಿಶಿನದ ಕೊಂಬನ್ನು ಕುಟ್ಟಿ ಪುಡಿ ಮಾಡಿ ಹಾಲಿನಲ್ಲಿ ಕಲಸಿ ತಂದ. ಆದರೆ ಕುಟ್ಟಿದ್ದು, ಮುಂಜಾನೆ ಕಾಕು ಬ್ಯಾಡಗಿ ಮೆಣಸಿನಕಾಯಿ ಕುಟ್ಟಿ ಇನ್ನೂ ಒರೆಸದೆ ಬಿಟ್ಟಿದ್ದ ಒರಳಿನಲ್ಲಿ! ಬಟ್ಟಲು ಮಗಳ ಮುಖದ ಹತ್ತಿರ ಹೋಗಿತ್ತು.

“ತಡಿ” ಎಂದ ಕಾಕಾ. “ಮೊದಲ ನಾ.”

ಬಳಿದುಕೊಂಡ. ಆಮೇಲೆ ಅವನು ಮಾಡಿದ ಸದ್ದನ್ನು ಅಕ್ಷರದಲ್ಲಿ ಬರೆಯಲು ಬರುವುದಿಲ್ಲ. ಓಡಿ ಹೋಗಿ ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ತಲೆ ಅದ್ದಿದ. ಎಮ್ಮೆ ಹೆದರಿ ಗೂಟ ಕಿತ್ತಿತು. ಕಸ್ತೂರಿ ನಗಲಿಲ್ಲ. ಸಂಜೆಯ ತನಕ ಅಪ್ಪನ ಮುಂದೆ ಕೂತು ಬೆಣ್ಣೆ ಸವರಿದಳು.

ಮರುದಿನ ಬಂದವರು ಕಸ್ತೂರಿಗಿಂತ ಹೆಚ್ಚಾಗಿ ಕಾಕಾನನ್ನೇ ನೋಡಿದರು. ಮುಖ ಊದಿ, ಕೆಂಪಗೆ, ಅಲ್ಲಲ್ಲಿ ಬೊಬ್ಬೆ. ಊರಿಗೆ ಹೋಗಿ ಹೇಳಿ ಕಳಿಸಿದರು: “ಹುಡುಗಿ ಅಡ್ಡಿಯಿಲ್ಲ. ಮನಿತನದಾಗ ಏನೋ ಚರ್ಮದ ರೋಗ ಐತಿ.”

ಬಣ್ಣ ಕಮ್ಮಿಯೆಂದು ಅಣ್ಣಿಗೇರಿಯವರು ಎದ್ದು ಹೋದ ಮೇಲೆ ಬಣ್ಣ ಅಡ್ಡಿಯಿಲ್ಲ ಎಂದವರು ಇವರೊಬ್ಬರೇ. ಅವರನ್ನೂ ಕಾಕಾನ ಮುಖ ನುಂಗಿತು! ಮದುವೆ ಮಾಡಲು ಹೊರಟ ಅಪ್ಪನೇ ಮದುವೆಗೆ ಅಡ್ಡ ಮಲಗಿದ್ದು ನಾನು ಅಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಕಾಕು ಅಡುಗೆಮನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಇನ್ನೊಮ್ಮೆ ಒಂದು ಚಿಮಟಿ ಹಿಟ್ಟು ಮುಟ್ಟಿದ್ರ ನಾ ತವರುಮನಿಗೆ ಹೊಕ್ಕೀನಿ ನೋಡ್ರಿ!”

ಕಾಕಾ ಹೆದರಿದ. ಬಿಟ್ಟನೇ? ಬಿಡುವವನಲ್ಲ. ನೆರೆಮನೆಯಿಂದ ಅಕ್ಕಿ ಹಿಟ್ಟು, ಗಂಜಿ, ಕೆನೆ, ಸಕ್ಕರೆ ಎಲ್ಲ ತಂದು, ಕೂಡಿಸಿ ಕಲಸಿ, ಬೆಳ್ಳನೆಯ ಉಂಡೆ ಕಟ್ಟಿ, ಹಿತ್ತಿಲಲ್ಲಿ ಒಣಗಿಸಿದ. ಬೇಕಾದಾಗ ನೀರು ಹಚ್ಚಿ ತಿಕ್ಕಿಕೊಂಡರಾಯಿತು. ಕಾಕುವಿನ ಕಣ್ಣು ತಪ್ಪಿಸಿ ಅದನ್ನು ಎಲ್ಲಿ ಇಡಬೇಕು? ಅವಳು ಕೈ ಹಾಕಿ ಎಸೆಯಲಾರದ ಜಾಗ ಮನೆಯಲ್ಲಿ ಒಂದೇ. ದೇವರ ಜಗಲಿಯ ಪಕ್ಕದ ಗೂಡು. ಅಲ್ಲಿ ವಿಭೂತಿ ಗಟ್ಟಿಗಳ ಜೊತೆಗೆ ಉಂಡೆಯೂ ಒಂದು ಮೂಲೆ ಹಿಡಿಯಿತು.

ಆಗ ಗುಡಗೇರಿಯವರು ಬಂದರು. ಹುಡುಗ, ಅವನ ತಾಯಿ, ಅವನ ಅಜ್ಜ. ಅಜ್ಜ ಬಹಳ ನೇಮದವರು. ಕೈಕಾಲು ಮುಖ ತೊಳೆದುಕೊಂಡು ನೇರ ಜಗಲಿಗೆ ಹೋದರು, ಗೂಡಿಗೆ ಕೈ ಹಾಕಿದರು, ಒದ್ದೆ ಬೆರಳುಗಳನ್ನು ಗಟ್ಟಿಯ ಮೇಲೆ ಚೆನ್ನಾಗಿ ತಿಕ್ಕಿ, ಕಣ್ಣು ಮುಚ್ಚಿ, ಹಣೆ ತುಂಬ ಮೂರು ಪಟ್ಟೆ ಎಳೆದುಕೊಂಡರು. ತಿಕ್ಕಿದ್ದು ಯಾವ ಗಟ್ಟಿಗೆ ಎಂದು ಕಾಕಾನ ಮುಖ ನೋಡಿದಾಗ ನನಗೆ ತಿಳಿಯಿತು.

ಅಜ್ಜ ಬಂದು ಜಮಖಾನೆಯ ಮೇಲೆ ಕೂತರು. ಧೋತ್ರಕ್ಕೆ ಗಂಜಿ ಹಾಕಿದರೆ ಏನಾಗುತ್ತದೋ ಅದು ಹಣೆಗೆ ಆಗತೊಡಗಿತು. ಪಟ್ಟೆಗಳು ಒಣಗಿದಂತೆ ಹಣೆ ಬಿಗಿಯಿತು, ಹುಬ್ಬು ಮೇಲೇರಿದವು, ಏರಿದ ಹುಬ್ಬು ಇಳಿಯಲಿಲ್ಲ. ಮಳೆ ಹೇಗೆ ಎಂದರೂ ಅಜ್ಜನಿಗೆ ಆಶ್ಚರ್ಯ, ಹತ್ತಿ ಹೇಗೆ ಎಂದರೂ ಆಶ್ಚರ್ಯ! ಆಮೇಲೆ ಸಕ್ಕರೆಯ ವಾಸನೆಗೆ ಇರುವೆಗಳು ಬಂದವು. ಗೋಡೆಯಿಂದ ಹೆಗಲಿಗೆ, ಹೆಗಲಿನಿಂದ ಕಿವಿಗೆ, ಕಿವಿಯಿಂದ ಹಣೆಗೆ. ಎಲ್ಲರೂ ಕಂಡೆವು. ಹಿರಿಯರ ಹಣೆಯ ವಿಭೂತಿಗೆ ಯಾರು ಕೈ ಹಾಕಬೇಕು? ಕಾಕಾ ಮಾತ್ರ ಮುಂದಕ್ಕೆ ಬಾಗಿ ಅಜ್ಜನ ಹಣೆಯನ್ನೇ ದಿಟ್ಟಿಸುತ್ತಿದ್ದ. ಭಯದಿಂದ ಎಂದುಕೊಂಡಿರಾ? ಬೆಳಗುತ್ತದೋ ಇಲ್ಲವೋ ನೋಡುತ್ತಿದ್ದ!

ಕಸ್ತೂರಿ ಎಲೆ ಅಡಿಕೆಯ ತಟ್ಟೆ ಹಿಡಿದು ಬಂದಳು. ಅಜ್ಜನನ್ನು ನೋಡಿದಳು, ಅಪ್ಪನನ್ನು ನೋಡಿದಳು, ತಟ್ಟೆ ಕೆಳಗಿಟ್ಟಳು.

“ಅಜ್ಜಾರ, ಅದು ವಿಭೂತಿ ಅಲ್ರಿ. ನನ್ನ ಬೆಳ್ಳಗ ಮಾಡಾಕ ನಮ್ಮಪ್ಪ ಕಟ್ಟಿಟ್ಟ ಉಂಡಿ ಐತ್ರಿ. ಇರಿವಿ ಹತ್ಯಾವು. ಏಳ್ರಿ, ತೊಳೀತೀನಿ.”

ಈ ಸಂಬಂಧವೂ ಹೋಯಿತು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಕಸ್ತೂರಿ ತಂಬಿಗೆ ತಂದು, ಬಚ್ಚಲಲ್ಲಿ ಅಜ್ಜನ ಹಣೆ ತೊಳೆದು, ತನ್ನ ಸೆರಗಿನಿಂದಲೇ ಒರೆಸಿದಳು. ಹುಬ್ಬುಗಳು ಸ್ವಸ್ಥಾನಕ್ಕೆ ಇಳಿದವು.

“ಇದನ್ನ ಹಚ್ಚಿಕೊಂಡು ನೀ ಎಷ್ಟು ಬೆಳ್ಳಗ ಆದಿಯವಾ?” ಎಂದರು ಅಜ್ಜ.

“ನಾ ಒಮ್ಮೆನೂ ಹಚ್ಚಿಕೊಂಡಿಲ್ರಿ. ನನಗ ತ್ರಾಸ ಆಗಬಾರದಂತ ನಮ್ಮಪ್ಪನ ಮೊದಲ ಹಚ್ಚಿಕೋತಾನ್ರಿ. ಅಂವಂಗ ಇನ್ನೂ ಬಣ್ಣ ಬಂದಿಲ್ರಿ.”

ಅಜ್ಜ ಕಾಕಾನ ಮುಖವನ್ನು ಒಂದು ಸಲ ಪರೀಕ್ಷಿಸಿ, “ಅದು ಕಾಣಸ್ತೈತಿ ಬಿಡು” ಎಂದು ನಗತೊಡಗಿದರು. ಹುಡುಗನ ತಾಯಿ ಗಂಟಲು ಸರಿ ಮಾಡಿಕೊಂಡು, “ಅಲ್ರಿ ಮಾವಾರ, ಹುಡುಗಿ ಬಣ್ಣ ಒಂದೀಟು…” ಎಂದು ಶುರು ಮಾಡಿದಳು.

“ಸುಮ್ನಿರವಾ! ನಿನ್ನ ಮಗ ಏನು ಸುಲದ ಬೆಳ್ಳುಳ್ಳಿ ಎಸಳೇನು? ಇಷ್ಟು ಮಂದಿ ಕುಂತೀರಿ, ನನ್ನ ಹಣಿ ಮ್ಯಾಲ ಇರಿವಿ ಸಂತಿ ನಡದೈತಿ, ಒಬ್ರರ ಬಾಯಿ ಬಿಟ್ಟೀರೇನು? ಈಕಿ ಹೇಳಿದ್ಲು. ಇಂಥಾಕಿ ಮನ್ಯಾಗ ಒಬ್ಬಾಕಿ ಬೇಕು.”

ಹುಡುಗ ತಲೆ ತಗ್ಗಿಸಿ ನಕ್ಕ. ಮದುವೆ ಗೊತ್ತಾಯಿತು. ಅವರನ್ನು ಕಳಿಸಿ ಬಂದ ಕಾಕಾ ಎದೆ ಉಬ್ಬಿಸಿ ಹೇಳಿದ ಮಾತು ಕೇಳಿ: “ಏನಂದಿದ್ದೆ? ಉಂಡಿ ಕೆಲಸ ಮಾಡ್ತೋ ಇಲ್ಲೋ?”

ಅರಿಶಿನ ಹಚ್ಚುವ ದಿನ ಮುತ್ತೈದೆಯರು ಬಟ್ಟಲು ಹಿಡಿದು ಕಸ್ತೂರಿಯ ಸುತ್ತ ನಿಂತಿದ್ದರು. ಕಾಕಾ ತಾನು ಗಂಡಸೆಂಬುದನ್ನೂ ಮರೆತು ನಡುವೆ ನುಗ್ಗಿ, “ತಡೀರಿ” ಎಂದು ಬೆರಳದ್ದಿ ತನ್ನ ಗಲ್ಲಕ್ಕೆ ಹಚ್ಚಿಕೊಂಡು ನಿಂತ. ಹೆಂಗಸರೆಲ್ಲ ಬಟ್ಟಲು ಹಿಡಿದು ಕಾದರು. “ಹೂಂ, ಉರಿಯೂದಿಲ್ಲ. ಹಚ್ರಿ.” ಹೆಂಗಸರು ಬಿದ್ದು ಬಿದ್ದು ನಕ್ಕರು. ಕಸ್ತೂರಿ ತಲೆ ಎತ್ತಲಿಲ್ಲ.

ಮದುವೆಯಾದ ಮೇಲಿನ ರಜೆಗೆ ಸಂಶಿಗೆ ಹೋದೆ. ಅಡುಗೆಮನೆಯ ಬೀಗ ತೆಗೆದಿತ್ತು. ತಟ್ಟೆಯಲ್ಲಿ ಜುಣಕ ಇತ್ತು, ಚಹಾಕ್ಕೆ ಸಕ್ಕರೆ ಇತ್ತು. ಕಾಕಾ ಮಾತ್ರ ಬೆಳಿಗ್ಗೆ ಎದ್ದವನೇ ಕಂಬದ ಕನ್ನಡಿಯ ಮುಂದೆ ನಿಂತಿದ್ದ. ಮುಖದ ಮೇಲೆ ಏನೂ ಇಲ್ಲ. ತೊಳೆದ, ಬರಿಯ, ಎರೆಮಣ್ಣಿನ ಮುಖ. ಕೆಲಸ ಮುಗಿದರೂ ಚಟ ಬಿಟ್ಟಿಲ್ಲವಲ್ಲ ಎಂದು ನನಗೆ ತಾತ್ಸಾರ.

“ಏನ್ ಕಾಕಾ, ಇವತ್ತು ಎಷ್ಟಾಣೆ?” ಎಂದು ಕೆಣಕಿದೆ. “ಹಿಟ್ಟು ತರಲೇನು?”

“ಬ್ಯಾಡಲೇ” ಎಂದ ಕಾಕಾ, ಕನ್ನಡಿಯಿಂದ ಕಣ್ಣು ತೆಗೆಯದೆ. “ಹದಿನಾರಾಣೆ ಐತಿ. ಕಸ್ತೂರಿ ಹ್ವಾದ ಮ್ಯಾಲ ಆಕಿ ಬಣ್ಣ ಮನ್ಯಾಗ ಈ ಮುಖದ ಮ್ಯಾಲಷ್ಟ ಉಳದೈತಿ. ತಿಕ್ಕಿ ಕಳಕೊಳ್ಳಲೇನು?”