ಹಿಂದಿನ ಚಕ್ರದ ಸದ್ದು

ಒಂದು ಕೆಲಸವನ್ನು ನಾನೇ ಮಾಡುತ್ತೇನೆಂದು ಹೇಳಿದ ಕೂಡಲೇ ನಮ್ಮೂರಿನಲ್ಲಿ ಎಲ್ಲರಿಗೂ ಬಿಡುವಾಗುತ್ತದೆ. ಅರವತ್ತೆಂಟು ವರ್ಷಗಳಲ್ಲಿ ಇದು ಒಮ್ಮೆಯೂ ತಪ್ಪಿಲ್ಲ. ಕಾರಿನ ಬೇರಿಂಗ್ ಬದಲಿಸಿದ ವಾರದಲ್ಲಿ ನಡೆದದ್ದನ್ನಷ್ಟೇ ಇಲ್ಲಿ ಬರೆಯುತ್ತೇನೆ.

೧. ಕರಾರು

ನನ್ನ ಕಾರಿಗೆ ಇಪ್ಪತ್ತಾರು ವರ್ಷ. ಹೊನ್ನವಳ್ಳಿಯಿಂದ ತಿಪಟೂರಿಗೆ ಹೋಗುವಾಗ ಹಿಂದಿನ ಎಡಚಕ್ರದಲ್ಲಿ ರಾಗಿ ಬೀಸುವಂಥ ಸದ್ದು ಆರಂಭವಾಯಿತು. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, "ಬೇರಿಂಗ್ ಹೋಗೈತೆ. ಈ ಗಾಡಿ ನಾನು ಮುಟ್ಟಲ್ಲ ಕಣಮ್ಮಾ, ಒಂದು ಬಿಚ್ಚಿದ್ರೆ ಹತ್ತು ಉದುರ್ತವೆ" ಎಂದ.

ನನ್ನ ಮೈದುನನಿಗೆ ಅಷ್ಟೇ ಸಾಕಾಯಿತು. "ಅತ್ಗೆ, ಶನಿವಾರ ಗುಜರಿಯವನಿಗೆ ಬರಕ್ಕೆ ಹೇಳಿದೀನಿ. ಬುಡಿ ಅದನ್ನ."

"ಅಷ್ಟರಲ್ಲಿ ನಾನೇ ಬೇರಿಂಗ್ ಬದಲಿಸಿ, ಸದ್ದು ನಿಂತರೆ?"

"ನಿಂತ್ರೆ ನಾನು ಬಾಯೇ ಬಿಡಲ್ಲ."

"ನಿಲ್ಲದಿದ್ದರೆ ಕೀಲಿಕೈಯನ್ನು ನಾನೇ ಗುಜರಿಯವನ ಕೈಗೆ ಕೊಡುತ್ತೇನೆ."

ಕೊಟ್ಟ ಮಾತಿಗೆ ತಪ್ಪುವುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿರಲಿಲ್ಲ. ಕಾರು ಉಳಿಯಬೇಕೆಂಬುದು ನಿಜ. ಮೈದುನ ಬಾಯಿ ಮುಚ್ಚಿ ಕುಳಿತಿರುವುದನ್ನು ನೋಡುವ ಭಾಗ್ಯವೂ ನಲವತ್ತು ವರ್ಷಗಳಲ್ಲಿ ನನಗೆ ದೊರೆತಿರಲಿಲ್ಲ.

೨. ಅಂಗಡಿ

ತಿಪಟೂರಿನ ಬಿಡಿಭಾಗಗಳ ಅಂಗಡಿಯವನು ನನ್ನ ಬೆನ್ನ ಹಿಂದೆ ಇಣುಕಿ ನೋಡಿ, "ಮೆಕ್ಯಾನಿಕ್ ಎಲ್ಲಮ್ಮಾ?" ಎಂದ.

"ನಿಮ್ಮ ಎದುರಿಗೇ ಇದ್ದೇನೆ."

ಅವನು ಒಳಗೆ ಹೋಗಿ ಬೇರಿಂಗ್ ತಂದ. ಅದರ ಜೊತೆಗೆ ಒಂದು ಕುರ್ಚಿಯನ್ನೂ ಒಂದು ಲೋಟ ನೀರನ್ನೂ ತಂದ. ಫ್ಯಾನನ್ನು ನನ್ನ ಕಡೆಗೆ ತಿರುಗಿಸಿ ಮೆಲ್ಲನೆ ಕೇಳಿದ: "ಮನೇಲಿ ಯಾರಿಗಾದ್ರೂ ಫೋನ್ ಮಾಡ್ಲಾ?"

೩. ಪೈಪು

ಕಾರನ್ನು ಜಾಕಿನ ಮೇಲೆತ್ತುವ ಮುನ್ನವೇ ಚಕ್ರದ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕು. ಇಪ್ಪತ್ತಾರು ವರ್ಷ ಕೂತಿದ್ದ ನಟ್ಟು ಸ್ಪ್ಯಾನರಿಗೆ ಜಗ್ಗಲಿಲ್ಲ. ಬೋರ್‌ವೆಲ್ಲಿನ ಹತ್ತಡಿಯ ಹಳೆಯ ಪೈಪೊಂದನ್ನು ಸ್ಪ್ಯಾನರಿನ ಹಿಡಿಗೆ ತೊಡಿಸಿ, ನಾನೂ ನಮ್ಮ ತೋಟದಲ್ಲಿ ಕಾಯಿ ಸುಲಿಯುವ ಹಿರಿಯ ಆಳೂ ಅದಕ್ಕೆ ಒರಗಿದೆವು.

ನಮ್ಮ ಕಡೆ ಉದ್ದನೆಯ ಪೈಪನ್ನು ಇಬ್ಬರು ಹಿಡಿದರೆ ನೋಡಿದವರಿಗೆ ಹೊಳೆಯುವುದು ಒಂದೇ. ದಾರಿಹೋಕನೊಬ್ಬ ಬೈಕು ನಿಲ್ಲಿಸಿ, "ಬೋರಿನ ಮೋಟ್ರು ಎತ್ತುತಾವ್ರೆ, ಬನ್ರಲಾ!" ಎಂದು ಕೂಗಿದ. ನೋಡನೋಡುತ್ತ ಆರು ಮಂದಿ ಪೈಪಿಗೆ ಕೈಹಾಕಿದರು. ಇದು ಕಾರು ಎಂದು ಎರಡು ಬಾರಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಟ್ಟು ಫಟ್ಟೆಂದು ಸಡಿಲವಾಯಿತು. ಆರು ಮಂದಿಯೂ ನೆಲಕ್ಕೆ ಬಿದ್ದರು.

ಪಂಚೆಯ ಧೂಳು ಕೊಡವುತ್ತ ಎದ್ದ ಹಿರಿಯರೊಬ್ಬರು ಕೇಳಿದರು: "ಎಷ್ಟಿಂಚು ನೀರು ಬಿತ್ತು ತಾಯಿ?"

೪. ಅಟ್ಟ

ಶುಕ್ರವಾರ ಚಕ್ರವನ್ನೂ ಡ್ರಮ್ಮನ್ನೂ ಕಳಚಿ, ಹಳೆಯ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಹೊರತೆಗೆದೆ. ಸೀಮೆಎಣ್ಣೆಯಲ್ಲಿ ತೊಳೆದಾಗ ಅದೂ ಹೊಸದರಂತೆಯೇ ಹೊಳೆಯಿತು. ಎರಡನ್ನೂ ಒಂದೇ ಕಾಗದದ ಮೇಲಿಟ್ಟು ಕೈತೊಳೆಯಲು ಹೊರಟವಳು, ಕಾಯಿ ಸುಲಿಯುವಾತನಿಗೆ, "ಇವೆರಡರಲ್ಲಿ ಒಳ್ಳೆಯದಕ್ಕೆ ಗ್ರೀಸ್ ತುಂಬಿಡು" ಎಂದೆ.

ಬಂದು ನೋಡಿದರೆ ಒಂದು ಬೇರಿಂಗ್ ಮೈತುಂಬ ಗ್ರೀಸ್ ಬಳಿದುಕೊಂಡು ಸಿದ್ಧವಾಗಿತ್ತು.

"ಇನ್ನೊಂದು?"

"ಎತ್ತಿಟ್ಟಿವ್ನಿ ಅಮ್ಮಾವ್ರೇ."

ಅಚ್ಚುಕಟ್ಟು ಮೆಚ್ಚುಗೆಯಾಯಿತು. ಬೇರಿಂಗನ್ನು ಕೂರಿಸಿ, ನಟ್ಟು ಬಿಗಿದು, ಊರ ಮುಂದಿನ ತಿರುವಿನವರೆಗೆ ಹೋಗಿ ಬಂದೆ. ರಾಗಿ ಬೀಸುವ ಸದ್ದು ಎಳ್ಳಷ್ಟೂ ತಗ್ಗಿರಲಿಲ್ಲ.

ಜಗಲಿಯ ಮೇಲಿಂದ ಮೈದುನ ಕೇಳಿದ: "ಅತ್ಗೆ, ಆ ಕೀಲಿಕೈ ಎಲ್ಲಿಡ್ತೀರಿ?"

ನಾನು ಕಾಯಿ ಸುಲಿಯುವಾತನನ್ನು ಕರೆದೆ. "ಒಳ್ಳೆಯದು ಯಾವುದೆಂದು ಹೇಗೆ ತಿಳಿದೆ?"

"ಇನ್ನೆಂಗೆ? ಕಿವಿ ಹತ್ರ ಹಿಡಿದು ಅಲ್ಲಾಡಿಸ್ದೆ. ಒಂದು ಕಟಕಟ ಅಂತು, ಅದಕ್ಕೆ ಗ್ರೀಸ್ ತುಂಬ್ದೆ. ಇನ್ನೊಂದು ಉಸಿರೇ ಬುಡಲಿಲ್ಲ."

ಅಟ್ಟದ ಮೇಲಿಟ್ಟ ಕಾಯಿಯೊಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೇ ಎಂದು ನಾವೆಲ್ಲ ನೋಡುವುದೂ ಹಾಗೆಯೇ. ಅಲ್ಲಾಡಿಸಿದಾಗ ಸದ್ದಾದರೆ ಕಾಯಿ ಸಿದ್ಧ. ಸದ್ದಿಲ್ಲದಿದ್ದರೆ ಇನ್ನೂ ಹಸಿ. ಈ ವಿಷಯದಲ್ಲಿ ಆತನ ಕಿವಿ ಎಂದೂ ತಪ್ಪಿದ್ದಿಲ್ಲ.

"ಸದ್ದಿಲ್ಲದ್ದು ಈಗ ಎಲ್ಲಿದೆ?"

"ಅಟ್ಟದ ಮ್ಯಾಲೆ, ಕಾಯಿ ಮಧ್ಯೆ ಮಡಗಿವ್ನಿ. ಆರು ತಿಂಗಳು ಬುಡಿ, ಒಣಗ್ತದೆ."

ನಾನು ದನಿಯೆತ್ತರಿಸಲಿಲ್ಲ. ಅದನ್ನು ಇಳಿಸಿ ತರಲು ಹೇಳಿದೆ. ಶನಿವಾರ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೇ ಎದ್ದು ಎಲ್ಲವನ್ನೂ ಮತ್ತೆ ಬಿಚ್ಚಿ, ಈ ಬಾರಿ ನಾನೇ ಗ್ರೀಸ್ ತುಂಬಿ ಕೂರಿಸಿದೆ. ಕೊನೆಯ ನಟ್ಟು ಬಿಗಿಯುವಾಗ ಗುಜರಿಯವನ ಟೆಂಪೊ ಬಾಗಿಲಿಗೆ ಬಂತು.

"ಐದು ನಿಮಿಷ ಕಾಯಿರಿ" ಎಂದು ಅವನಿಗೆ ಹೇಳಿ, ಮೈದುನನನ್ನು ಪಕ್ಕದಲ್ಲೂ ಕಾಯಿ ಸುಲಿಯುವಾತನನ್ನು ಹಿಂದೆಯೂ ಕೂರಿಸಿಕೊಂಡು ತಿಪಟೂರು ರಸ್ತೆಗೆ ಬಂದೆ. ಗಾಜುಗಳನ್ನೆಲ್ಲ ಏರಿಸಿ ವೇಗ ಹೆಚ್ಚಿಸಿದೆ. ಎಂಜಿನಿನ ಸದ್ದಲ್ಲದೆ ಮತ್ತೇನೂ ಕೇಳಿಸಲಿಲ್ಲ. ಮೈದುನ ಬಾಯಿ ತೆರೆದ. ಕರಾರು ನೆನಪಾಗಿ ಮುಚ್ಚಿಕೊಂಡ.

ಅವನ ಮುಖ ನೋಡಲಾರದೆ ಹಿಂದಿನಿಂದ ಕಾಯಿ ಸುಲಿಯುವಾತ ಸಮಾಧಾನ ಹೇಳಿದ: "ಯಾಕಂಗೆ ಸಪ್ಪಗಾದ್ರಿ ಯಜಮಾನ್ರೇ? ಹಸೀದನ್ನೇ ಹಾಕವ್ರೆ, ಸದ್ದು ಎಲ್ಲಿಂದ ಬಂದಾತು?"