ಎರಡು ಗೆರೆಯ ರಜೆ

ಟ್ರಾಮ್ ಓಡಿಸಲು ಹೊರಟ ವೆಲಿಜಾರ್‌ನಿಗೆ ಮೆಟ್ಟಿಲ ಮೇಲೇ ಸೀನು ಬಂತು. ಒಂದೇ ಒಂದು. ಆದರೆ ಸೋಫಿಯಾ ನಗರದ ಆ ಹಳೇ ಕಟ್ಟಡದಲ್ಲಿ ಯಾರು ಸೀನಿದರೂ ಐದೂ ಅಂತಸ್ತಿಗೆ ಕೇಳುತ್ತದೆ.

ಮೊದಲು ಬಾಗಿಲು ತೆರೆದವಳು ಮೇಲಿನ ಮನೆಯ ತ್ಸೋಂಕಾ ಅಜ್ಜಿ. "ಏನೋ ವೆಲ್ಯೋ, ಮುಖ ಹಿಂಡಿದ ಬಟ್ಟೆ ಥರ ಆಗಿದೆ? ಬಾ, ಬೆಳ್ಳುಳ್ಳಿ ಅಗಿ."

"ಬರೀ ನೆಗಡಿ ಅಜ್ಜಿ."

"ನೀನು ಹೇಳಿಬಿಟ್ರೆ ಆಯ್ತಾ?" ಎದುರು ಮನೆಯ ನಿವೃತ್ತ ಸೈನಿಕ ರಾದ್ಕೊ ಹೊರಬಂದ. "ಈಗ ಔಷಧಿ ಅಂಗಡೀಲೇ ಮೂಗಿಗೆ ಕಡ್ಡಿ ಹಾಕಿ ಕಾಲು ಗಂಟೇಲಿ ಹೇಳ್ತಾರೆ. ನಮ್ಮ ಕಾಲದಲ್ಲಿ ಲ್ಯಾಬಿಂದ ಉತ್ತರ ಬರೋದ್ರೊಳಗೆ ರೋಗಿ ಒಂದೋ ಗುಣ ಆಗಿರ್ತಿದ್ದ, ಇಲ್ಲಾ ಮಣ್ಣಾಗಿರ್ತಿದ್ದ. ನಡಿ!"

ಜಗಳವಾಡಲು ವೆಲಿಜಾರ್‌ನಿಗೆ ತ್ರಾಣವಿರಲಿಲ್ಲ. ಚಳಿಗಾಲವಿಡೀ ಎರಡೆರಡು ಪಾಳಿ ದುಡಿದು, ಕುದುರೆಯಂತೆ ನಿಂತೇ ನಿದ್ದೆ ಮಾಡುವುದನ್ನು ಕಲಿತಿದ್ದ. ಜೊತೆಗೆ ಒಂದು ಗುಟ್ಟಿನ ಆಸೆ: ನಿಜವಾಗಿಯೂ ಏನಾದರೂ ಬಂದಿದ್ದರೆ?

ಔಷಧಿ ಅಂಗಡಿಯ ಬಿಲ್ಯಾನಾ ಒಲೆ ಕೆದಕುವಂತೆ ಅವನ ಮೂಗು ಕೆದಕಿ, ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ, ಬಿಳಿ ಪಟ್ಟಿಯ ಮೇಲೆ ಹನಿ ಬಿಟ್ಟಳು. ಹಿಂದೆಯೇ ಬಂದಿದ್ದ ನೆರೆಹೊರೆಯವರೆಲ್ಲ ಅದರ ಮೇಲೆ ಬಗ್ಗಿದರು. ಒಂದು ಗೆರೆ ಮೂಡಿತು. ವೆಲಿಜಾರ್ ಉಸಿರು ಬಿಗಿಹಿಡಿದ. ಎರಡನೆಯದೂ ಮೂಡಿತು.

"ಫ್ಲೂ," ಎಂದಳು ಬಿಲ್ಯಾನಾ. "ಐದು ದಿನ ಮನೆ ಬಿಟ್ಟು ಕದಲಬೇಡಿ. ಒಬ್ಬರೇ ಇರಿ."

ಐದು ದಿನ! ಒಬ್ಬನೇ! ಅವನ ಕಣ್ಣು ತುಂಬಿಬಂತು. "ಪಾಪ, ಹೆದರಿದಾನೆ," ಎಂದಳು ತ್ಸೋಂಕಾ ಅಜ್ಜಿ.

ಡಿಪೋಗೆ ಫೋನ್ ಮಾಡಿದರೆ ಸಾಹೇಬರು, "ಈ ಕಡೆ ತಲೆ ಹಾಕಿದ್ರೆ ನೋಡು!" ಎಂದರು. ಹೆಂಡತಿ ಮಗುವನ್ನೆತ್ತಿಕೊಂಡು ತವರಿಗೆ ಹೋದಳು. ಮನೆ ನಿಶ್ಶಬ್ದವಾಯಿತು. ವೆಲಿಜಾರ್ ರಜಾಯಿಯನ್ನು ಗದ್ದದವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದ.

ಬಾಗಿಲ ಗಂಟೆ ಮೊಳಗಿತು. ದಿಂಬು ಹಿಡಿದು ತ್ಸೋಂಕಾ ಅಜ್ಜಿ ನಿಂತಿದ್ದಳು.

"ನಂಗೂ ಎರಡು ಗೆರೆ ಕಣೋ! ಅಷ್ಟು ದೂರ ಹೋಗಿದ್ವಲ್ಲ ಅಂತ ಎಲ್ಲರೂ ಮೂಗು ಕೊಟ್ವಿ."

"ಏಳು ಜನಕ್ಕೆ ಇದೆ," ಎಂದ ಹಿಂದಿದ್ದ ರಾದ್ಕೊ. ಅವನ ಕಂಕುಳಲ್ಲಿ ರಾಕಿಯಾ ಸಾರಾಯಿಯ ಬಾಟಲಿ. "ಎಲ್ಲರ ಮನೇಲೂ ಮಕ್ಕಳು ಮರಿ ಇದಾರೆ. ಫ್ಲೂ ಇರೋರೆಲ್ಲ ಒಂದೇ ಕಡೆ ಇರ್ಲಿ ಅಂತ ತೀರ್ಮಾನ ಆಯ್ತು. ಖಾಲಿ ಇರೋದು ನಿನ್ನ ಮನೇನೇ."

ಸಂಜೆಗೆ ಅಜ್ಜಿ ಅವನ ಹಾಸಿಗೆಯಲ್ಲಿದ್ದಳು. ಮೂರನೇ ಅಂತಸ್ತಿನ ಸಂಗೀತದ ಮೇಷ್ಟ್ರು ಕೆಮ್ಮಿನ ನಡುವೆ ಅಕಾರ್ಡಿಯನ್ ನುಡಿಸುತ್ತಿದ್ದರು. ಎಲ್ಲರಿಗೂ ಲಿಂಡನ್ ಹೂವಿನ ಕಷಾಯ ಕಾಯಿಸಿ ಸೋತ ವೆಲಿಜಾರ್, ಬಚ್ಚಲು ಮನೆಯ ಚಿಲಕ ಹಾಕಿಕೊಂಡು ಡಿಪೋಗೆ ಫೋನ್ ಮಾಡಿದ.

"ಸಾರ್, ಪೂರ್ತಿ ಹುಷಾರಾದೆ. ಈಗ್ಲೇ ಪಾಳಿಗೆ ಬರ್ತೀನಿ."

ಆ ಕಡೆಯಿಂದ ದೊಡ್ಡದೊಂದು ಸೀನು ಕೇಳಿಸಿತು.

"ಬೇಡಪ್ಪಾ," ಎಂದರು ಸಾಹೇಬರು ಸೋತ ದನಿಯಲ್ಲಿ. "ನಂಗೂ ಈಗಷ್ಟೇ ಎರಡು ಗೆರೆ ಬಂತು. ಹೆಂಡತಿ ಮನೆಯೊಳಗೆ ಬಿಡ್ತಿಲ್ಲ. ಫ್ಲೂ ಇರೋರಿಗೆ ನಿಮ್ಮಲ್ಲಿ ಜಾಗ ಇದೆ ಅಂತ ಔಷಧಿ ಅಂಗಡೀಲಿ ಹೇಳಿದ್ರು. ಎಷ್ಟನೇ ಅಂತಸ್ತು?"