ಘ್ರೆಲಿನ್ ಮತ್ತು ಎಲೆಅಡಿಕೆ

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಮನೆಗಾದರೂ ಮಧ್ಯಾಹ್ನ ಹೋಗಿ ನೋಡಿ. ಗಂಡಸು ಬಿಸಿ ಊಟ ಬಾರಿಸುತ್ತಿರುತ್ತಾನೆ, ಹೆಂಗಸು ಬಡಿಸುತ್ತಿರುತ್ತಾಳೆ. ಅವನೆದ್ದ ಮೇಲೆ ಆರಿದ ಅನ್ನ, ತಳ ಕಂಡ ಸಾರು ಅವಳ ಪಾಲು. ಈ ಅನ್ಯಾಯವನ್ನು ಈ ವಾರದ ಅಂಕಣದಲ್ಲಿ ಚೆನ್ನಾಗಿ ಝಾಡಿಸಿದ್ದೆ. (ಬರೆಯುವಾಗ ಹೆಂಡತಿ ಹರಿಪ್ರಿಯಾ ಎರಡು ಸಲ ಚಹಾ ತಂದಿಟ್ಟಳು.)

'ಹಸಿವು ತಡೆಯೂದಿಲ್ರೀ' ಎನ್ನುವ ಗಂಡಸರ ಬಾಯಿ ಮುಚ್ಚಿಸಲು ವಿಜ್ಞಾನವನ್ನೂ ಎಳೆತಂದಿದ್ದೆ. ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದಲ್ಲಿ. ರಕ್ತದ ದಾರಿ ಹಿಡಿದು ಮಿದುಳಿಗೆ ಹೋಗಿ 'ತಿನ್ನು' ಎನ್ನುತ್ತದೆ. ಬೆಳವಣಿಗೆಯ ಹಾರ್ಮೋನನ್ನು ಬಡಿದೆಬ್ಬಿಸುವುದೂ ಅದೇ. ನಿದ್ದೆಗೆಟ್ಟರೆ ಅದರ ಹಾವಳಿ ಇನ್ನೂ ಜಾಸ್ತಿ. ಆದರೆ ಅದು ರೂಢಿಯ ದಾಸ. ದಿನಾ ಉಣ್ಣುವ ಹೊತ್ತಿಗೆ ಏರುತ್ತದೆ, ಲಕ್ಷ್ಯ ಕೊಡದಿದ್ದರೆ ತಾನೇ ಇಳಿಯುತ್ತದೆ. 'ಹೆದರಬೇಡಿ ಗಂಡಸರೇ, ಅದು ಬರೀ ಅಲೆ!' ಎಂದು ಮುಗಿಸಿದ್ದೆ.

ಬರೆದಂತೆ ಬದುಕಬೇಡವೆ? ರವಿವಾರ ನೈವೇದ್ಯವಾದದ್ದೇ ತಡ, ನಾನೇ ಊಟದ ಎಲೆ ಹಾಕಿದೆ.

"ಅವ್ವಾ, ಹರಿಪ್ರಿಯಾ, ಕೂಡ್ರಿ. ನಾ ಬಡಸ್ತೇನಿ. ನೀವು ಉಂಡು ಎದ್ದಮ್ಯಾಲನ ನಾ ತುತ್ತು ಮುಟ್ಟಾಂವ. ದೇವರ ಮುಂದ ಹೇಳಾಕತ್ತೇನಿ!"

"ನನಗ ಹಸಿವಿಲ್ಲಲ್ರೀ," ಎಂದಳು ಹರಿಪ್ರಿಯಾ.

"ಸಂಕೋಚ ಬ್ಯಾಡ."

"ಸಂಕೋಚ ಎಲ್ಲೀದ್ರೀ? ಮದಿವ್ಯಾದಾಗಿಂದ ನೀವು ಉಂಡು, ಎಲಿಅಡಿಕಿ ಹಾಕ್ಕೊಂಡು, ಡರ್ ಅಂತ ತೇಗಿದಮ್ಯಾಲನ ನನ್ನ ಹೊಟ್ಟಿ ಚುರ್ ಅನ್ನೋದು. ನಿಮ್ಮ ಘ್ರೆಲಿನ್ ಗಡಿಯಾರ ನೋಡಿ ಬರ್ತದ, ನನ್ನದು ನಿಮ್ಮ ತೇಗು ಕೇಳಿ ಬರ್ತದ. ರೂಢಿ ಅಂತ ನೀವ ಬರದೀರಲ್ಲ?"

"ಸೊಸಿ ಉಣಲಾರದ ನಾ ಹೆಂಗ ಉಣ್ಲಿ?" ಎಂದು ಅವ್ವನೂ ಗೋಡೆಗೆ ಆತುಕೊಂಡಳು.

ಅವಳು ಉಣ್ಣದೆ ನಾನು ಉಣ್ಣುವಂತಿಲ್ಲ. ನಾನು ಉಣ್ಣದೆ ಅವಳಿಗೆ ಹಸಿವಾಗುವಂತಿಲ್ಲ. ಅತ್ತ ಹುಳಿಯ ಘಮ, ಇತ್ತ ನನ್ನ ಜಠರದಲ್ಲಿ ಮಹಾಪ್ರಳಯ. ಅಲೆಯಂತೆ, ಅಲೆ! ಅದು ಒಡ್ಡು ಒಡೆದ ಕೆರೆ.

ಆಗ ಹೊಳೆಯಿತು: ಉಣ್ಣದಿದ್ದರೇನು, ತೇಗಿದರಾಯಿತು! ಪಡಸಾಲೆಯ ತೂಗುಮಂಚದ ಮೇಲೆ ಕೂತು, ಸವಣೂರಿನ ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ ಜಗಿದೆ. ಖಾಲಿ ಹೊಟ್ಟೆಗೆ ಗಾಳಿ ಎಳೆದು, ಇಡೀ ಓಣಿಗೆ ಕೇಳುವಂತೆ ತೇಗಿದೆ.

"ಅಯ್ಯ, ಖರೇನ ಹಸಿವಾತು ನೋಡ್ರಿ!" ಎನ್ನುತ್ತ ಹರಿಪ್ರಿಯಾ ಕೂತಳು, ಅವ್ವನೂ ಕೂತಳು. ವಿಜಯೋತ್ಸಾಹದಿಂದ ಬಡಿಸಿದೆ. ಅತ್ತೆ ಸೊಸೆ ಮಾತಾಡುತ್ತ, ನಗುತ್ತ, ಬಿಸಿ ಹುಳಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ನನ್ನ ಆತ್ಮಸಾಕ್ಷಿಯ ಹೊಟ್ಟೆ ತುಂಬಿತು. ಉಳಿದ ಹೊಟ್ಟೆಯನ್ನು ತುಂಬಲು ನಾನು ಕೂತೆ.

ಅವ್ವ ಅನ್ನದ ಪಾತ್ರೆಯನ್ನು ಆಚೆ ಸರಿಸಿದಳು. "ಯಾಕೋ ಸುಶೀಂದ್ರಾ? ಎಲಿಅಡಿಕಿ ಹಾಕ್ಕೊಂಡೀಯಲ್ಲ. ತಾಂಬೂಲ ಆತಂದ್ರ ಊಟ ಮುಗೀತು. ಈ ಮನ್ಯಾಗ ಅದರ ಮ್ಯಾಲ ಯಾರೂ ಅನ್ನ ಮುಟ್ಟಿಲ್ಲ. ಇನ್ನ ರಾತ್ರಿಗೇ."

"ಅವ್ವಾ, ನಾ ಉಂಡೇ ಇಲ್ಲ!"

"ತೇಗಿದ್ದು ಓಣಿಗೆಲ್ಲಾ ಕೇಳೇದ."

(ಜಿಲ್ಲೆಯ ಗಂಡಸರನ್ನೆಲ್ಲ ಎದುರು ಹಾಕಿಕೊಳ್ಳುವ ನಾನು ಅವ್ವನನ್ನು ಎದುರು ಹಾಕಿಕೊಳ್ಳುವುದಿಲ್ಲ.)

ಹರಿಪ್ರಿಯಾ ಕೈ ತೊಳೆದು ಬಂದು, ತೂಗುಮಂಚದಲ್ಲಿ ನನ್ನ ಜಾಗದಲ್ಲಿ ಕೂತು, ಎಲೆಗೆ ಸುಣ್ಣ ಸವರತೊಡಗಿದಳು.

"ಹೆದರಬ್ಯಾಡ್ರೀ," ಎಂದಳು, "ಅದು ಬರೀ ಅಲಿ."

ಆಮೇಲೆ, ಇಡೀ ಓಣಿಗೆ ಕೇಳುವಂತೆ, ತೇಗಿದಳು.